ಕಷ್ಟ ಬಂದಾಗ ಯಜಮಾನಿಕೆ



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳ ಪೈಕಿ ಒಂದನ್ನು ನಿಮ್ಮೆಲ್ಲರ ಮುಂದೆ ಇಡಬೇಕೆನಿಸಿದೆ. ಮಲೆನಾಡಿನ ಅಂಚಿನ ಒಂದು ಸಣ್ಣ ಊರಿನ ಸೋದರಿ ಬರೆದದ್ದು. ಹೆಸರು, ಊರು ಹಾಕಬೇಡಿ ಅಂದಿದ್ದಾರೆ. ಹಾಕುವುದಿಲ್ಲ.

ಹನ್ನೊಂದು ಮಂದಿ ಹೆಂಗಸರು ಸೇರಿ ಒಂದು ಸ್ವಸಹಾಯ ಸಂಘ ಕಟ್ಟಿಕೊಂಡಿದ್ದಾರೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಒಣಗಿಸಿಟ್ಟು, ಮಳೆಗಾಲದಲ್ಲಿ ಸುತ್ತಮುತ್ತಲಿನ ಅಂಗಡಿಗಳಿಗೆ ಕೊಡುತ್ತಾರೆ. ಬ್ಯಾಂಕಿನ ಸಾಲ ಇನ್ನೂ 40 ಸಾವಿರ ಬಾಕಿಯಿದೆ. ಈ ವರ್ಷ 220 ಪ್ಯಾಕೆಟ್ ಹಪ್ಪಳ ಒಂಬತ್ತು ಅಂಗಡಿಗಳಿಗೆ ಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ ಒಬ್ಬ ಅಂಗಡಿಯವರು ಆರು ಪ್ಯಾಕೆಟ್ ವಾಪಸು ಕಳಿಸಿದರು. ಬಿಚ್ಚಿ ನೋಡಿದರೆ ಮುಗ್ಗಲು ವಾಸನೆ, ಅಂಚಿಗೆಲ್ಲ ಹಸಿರು ಬೂಷ್ಟು.

ಇಲ್ಲಿಂದ ಮುಂದೆ ಸಂಘದೊಳಗೆ ನಡೆದದ್ದನ್ನು ಆಕೆಯ ಮಾತಿನಲ್ಲೇ ಕೇಳಿ. "ಇಬ್ಬರು ಸದಸ್ಯೆಯರು, ಉಳಿದ ಎಂಟು ಅಂಗಡಿಯವರು ಏನೂ ಅಂದಿಲ್ಲವಲ್ಲ, ಸುಮ್ಮನಿರೋಣ ಅಂತಾರೆ. ಇನ್ನೊಬ್ಬಾಕೆ, ಪ್ಯಾಕಿಂಗ್ ಮಾಡುವವಳದ್ದೇ ತಪ್ಪು, ಅವಳ ಹತ್ತಿರವೇ ದುಡ್ಡು ವಸೂಲಿ ಮಾಡಿ ಅಂತಾಳೆ. ಆ ಹುಡುಗಿ ಅತ್ತು ಅತ್ತು ಕೆಲಸಕ್ಕೇ ಬರುತ್ತಿಲ್ಲ. ನಾನು ಅಧ್ಯಕ್ಷೆ ಅಂತ ಹೆಸರಿಗೆ ಇದ್ದೇನೆ. ಎಸ್ಸೆಸ್ಸೆಲ್ಸಿ ಓದಿದವಳು. ಇಂಥದ್ದನ್ನು ನಿಭಾಯಿಸೋಕೆ ನಾನೇನು ದೊಡ್ಡ ಕಂಪನಿಯ ಮ್ಯಾನೇಜರಾ ಅಕ್ಕಾ?"

ತಂಗೀ, ಮೊದಲು ಈ ಕೊನೆಯ ಪ್ರಶ್ನೆಗೇ ಉತ್ತರ ಹೇಳಿಬಿಡುತ್ತೇನೆ. ಹೌದು, ನೀವು ಮ್ಯಾನೇಜರೇ. ಹನ್ನೊಂದು ಜನರ ದುಡಿಮೆ, ಒಂದು ಸಾಲ, ಒಂಬತ್ತು ಅಂಗಡಿಗಳ ನಂಬಿಕೆ ನಿಮ್ಮ ಕೈಯಲ್ಲಿದೆಯಲ್ಲ, ಮ್ಯಾನೇಜರ್ ಅನ್ನುವ ಮಾತಿಗೆ ಅರ್ಥ ಅದೇ. ದೊಡ್ಡ ಕಂಪನಿಯಲ್ಲಿ ಸೊನ್ನೆಗಳು ಜಾಸ್ತಿ, ಅಷ್ಟೆ. ಕಷ್ಟ ಬಂದಾಗ ಎದ್ದು ಕೂರುವ ಪ್ರಶ್ನೆಗಳು ಮಾತ್ರ ಅವೇ. ಮುಚ್ಚಿಡಬೇಕೋ ಹೇಳಬೇಕೋ? ತಪ್ಪು ಯಾರದ್ದು? ನಷ್ಟ ಯಾರ ತಲೆಗೆ? ನಾಳೆ ಏನು ಮಾಡುವುದು?

ಈ ಪ್ರಶ್ನೆಗಳನ್ನು ಎದುರಿಸಿದ ಮೂರು ಸಂಸ್ಥೆಗಳ ಕಥೆ ಹೇಳುತ್ತೇನೆ. ಒಂದು ತೀರ ದೊಡ್ಡದು, ಒಂದು ನಮ್ಮ ಬೆಂಗಳೂರಿನದು, ಒಂದು ನಿಮ್ಮ ಹಾಗೆಯೇ ಹಪ್ಪಳ ಲಟ್ಟಿಸಿದವರದ್ದು.

ಮೊದಲನೆಯದು ಅಮೆರಿಕದ್ದು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ನಗರದ ಆಸುಪಾಸಿನಲ್ಲಿ ಏಳು ಜನ ಇದ್ದಕ್ಕಿದ್ದ ಹಾಗೆ ಸತ್ತರು. ಎಲ್ಲರೂ ನುಂಗಿದ್ದು ಟೈಲೆನಾಲ್ ಎಂಬ ನೋವಿನ ಮಾತ್ರೆಯ ಕ್ಯಾಪ್ಸೂಲ್. ನಮ್ಮಲ್ಲಿ ಜ್ವರ, ತಲೆನೋವಿಗೆ ಪ್ಯಾರಸಿಟಮಾಲ್ ತಗೊಳ್ಳುತ್ತೇವಲ್ಲ, ಅದೇ ಔಷಧಿ. ಯಾರೋ ಪಾಪಿ ಅಂಗಡಿಯಲ್ಲಿದ್ದ ಬಾಟಲಿಗಳ ಮುಚ್ಚಳ ತೆಗೆದು ಕ್ಯಾಪ್ಸೂಲಿನೊಳಗೆ ಸೈನೈಡ್ ಸೇರಿಸಿಟ್ಟಿದ್ದ. ಕಾರ್ಖಾನೆಯಲ್ಲಿ ಯಾವ ಲೋಪವೂ ಆಗಿರಲಿಲ್ಲ. ಆ ಕೊಲೆಗಾರ ಯಾರೆಂಬುದು ಇಂದಿಗೂ ರುಜುವಾತಾಗಿಲ್ಲ.

ತಯಾರಕರು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯವರು. ಆಗ ಅದರ ಮುಖ್ಯಸ್ಥರು ಜೇಮ್ಸ್ ಬರ್ಕ್. "ಇದು ನಮ್ಮ ತಪ್ಪಲ್ಲ" ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಶಿಕಾಗೋದ ಮಾಲನ್ನಷ್ಟೇ ವಾಪಸು ತರಿಸಿ ಸುಮ್ಮನಾಗಲೂಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಾತ್ರೆ ನುಂಗಬೇಡಿ ಅಂತ ಜನರಿಗೆ ತಾವೇ ಹೇಳಿದರು, ಜಾಹೀರಾತು ನಿಲ್ಲಿಸಿದರು, ಇಡೀ ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸು ತರಿಸಿದರು. ಖರ್ಚು ಸುಮಾರು 10 ಕೋಟಿ ಡಾಲರ್! ಪತ್ರಿಕೆಯವರು, ಟಿ.ವಿ.ಯವರು ಕೇಳಿದ್ದಕ್ಕೆಲ್ಲ ಮುಖ್ಯಸ್ಥರೇ ಮುಂದೆ ಕೂತು ಉತ್ತರ ಕೊಟ್ಟರು.

ಮಾರಾಟ ಪಾತಾಳಕ್ಕಿಳಿಯಿತು. ಟೈಲೆನಾಲ್ ಕಥೆ ಮುಗಿಯಿತು ಅಂದವರೇ ಹೆಚ್ಚು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ, ಮೂರು ಕಡೆ ಮುದ್ರೆ ಹಾಕಿದ, ಯಾರಾದರೂ ಬಿಚ್ಚಿದ್ದರೆ ಕೂಡಲೇ ಗೊತ್ತಾಗುವಂಥ ಹೊಸ ಪ್ಯಾಕಿಂಗಿನಲ್ಲಿ ಅದೇ ಔಷಧಿ ಮತ್ತೆ ಬಂತು. ಒಂದು ವರ್ಷದೊಳಗೆ ಕಳೆದುಕೊಂಡ ಗಿರಾಕಿಗಳಲ್ಲಿ ಬಹುಪಾಲು ಮರಳಿ ಬಂದರು. ಇವತ್ತು ನೀವು ಔಷಧಿಯ ಬಾಟಲಿ ತೆರೆಯುವಾಗ ಮುಚ್ಚಳದ ಕೆಳಗೆ ಒಂದು ತೆಳುವಾದ ಹಾಳೆ ಅಂಟಿರುತ್ತದಲ್ಲ, ಆ ರೂಢಿ ಹಬ್ಬಿದ್ದರ ಹಿಂದೆ ಈ ಘಟನೆಯಿದೆ.

ಇಷ್ಟು ದೊಡ್ಡ ತೀರ್ಮಾನಕ್ಕೆ ಅವರಿಗೆ ಧೈರ್ಯ ಎಲ್ಲಿಂದ ಬಂತು? 1943ರಲ್ಲೇ ಆ ಕಂಪನಿಯವರು ತಮ್ಮ ಧ್ಯೇಯವನ್ನು ಬರೆದಿಟ್ಟುಕೊಂಡಿದ್ದರು. ನಮ್ಮ ಮೊದಲ ಹೊಣೆ ನಮ್ಮ ಮಾಲನ್ನು ಬಳಸುವ ರೋಗಿಗಳಿಗೆ, ತಾಯಂದಿರಿಗೆ. ಲಾಭ ಪಡೆಯುವ ಷೇರುದಾರರದ್ದು ಕೊನೆಯ ಸರದಿ ಎಂಬುದು ಅದರ ಸಾರ. ಯಾರನ್ನು ಮೊದಲು ಕಾಯಬೇಕು ಎಂಬುದು ಮೊದಲೇ ನಿಶ್ಚಯವಾಗಿದ್ದರೆ ಗಂಡಾಂತರದ ದಿನ ಗಲಿಬಿಲಿ ಕಡಿಮೆ. ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬಾರದು ಅಂತ ಹಿರಿಯರು ಹೇಳಿದ್ದು ಇದಕ್ಕೇ ತಾನೆ?

ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಕಂಪನಿ ಮುಂದೆ ಮಕ್ಕಳ ಟಾಲ್ಕಂ ಪೌಡರಿನ ವಿಷಯದಲ್ಲಿ ಸಾವಿರಾರು ಮೊಕದ್ದಮೆ ಎದುರಿಸಬೇಕಾಯಿತು, 2023ರಲ್ಲಿ ಆ ಟಾಲ್ಕ್ ಪೌಡರಿನ ಮಾರಾಟವನ್ನು ಜಗತ್ತಿನಾದ್ಯಂತ ನಿಲ್ಲಿಸಿತು. ಒಂದು ಸಲ ಒಳ್ಳೆಯದು ಮಾಡಿದವರು ಸದಾ ಒಳ್ಳೆಯವರು ಅಂತ ಯಾರೂ ಬರೆದುಕೊಡುವುದಿಲ್ಲ. ನಂಬಿಕೆ ಮೊಸರಿನ ಹೆಪ್ಪಿನ ಹಾಗೆ, ದಿನಾ ಹಾಕುತ್ತಿರಬೇಕು.

ಎರಡನೆಯ ಕಥೆ ನಿಮಗೆ ಹತ್ತಿರದ್ದು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಗೊತ್ತಲ್ಲ? ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ನಿಂತಿತು. ಇಡ್ಲಿಯ ಹೋಟೆಲಿಗೆ ಅಕ್ಕಿಯಿಲ್ಲದಿದ್ದರೆ ಗತಿಯೇನು? ಅವರು ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆ ಹಾಕಿ ಇಡ್ಲಿ ಬೇಯಿಸಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಅವರ ಮನೆತನದ ಮಾತು. ಇವತ್ತು ನೆಂಟರು ಬಂದಾಗ ನಾವು ಅರ್ಧ ಗಂಟೆಯಲ್ಲಿ ಮಾಡಿಬಡಿಸುವ ತಿಂಡಿ, ಮೊದಲು ಹುಟ್ಟಿದ್ದು ಅಭಾವದ ಹೊಟ್ಟೆಯಲ್ಲಿ!

ಅವರಿಗೆ ಅದಕ್ಕಿಂತ ದೊಡ್ಡ ಸಂಕಟ ಬಂದದ್ದು 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ. ಹೋಟೆಲಿನ ತಿಂಡಿಯನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂದು ಸರ್ಕಾರ ಕಟ್ಟಳೆ ಮಾಡಿತು. ಗಿರಾಕಿಗೇನೋ ಸುಖ. ಆದರೆ ಶುದ್ಧ ತುಪ್ಪ, ಒಳ್ಳೆಯ ಬೇಳೆ, ಒಳ್ಳೆಯ ಕಾಫಿಬೀಜ ಹಾಕುವವರಿಗೆ ಆ ಬೆಲೆಯಲ್ಲಿ ಗಿಟ್ಟುವುದೇ ಇಲ್ಲ. ತುಪ್ಪದ ಬದಲು ಡಾಲ್ಡಾ, ಬೇಳೆ ಅರ್ಧ, ಕಾಫಿಗೆ ಚಿಕೋರಿ ಜಾಸ್ತಿ ಅಂತ ಇಳಿಯುತ್ತ ಹೋದರೆ ಆಗುತ್ತಿತ್ತು. ಅವರು ರುಚಿ ಕೆಡಿಸಲು ಒಪ್ಪಲಿಲ್ಲ, ಹೋಟೆಲನ್ನೇ ಮುಚ್ಚಿದರು.

ಆಗ ಕೆಲಸಗಾರರ ಗತಿ? ಮನೆಗೆ ಕಳಿಸಲಿಲ್ಲ. ಅವರ ಕೈಯಲ್ಲಿದ್ದ ವಿದ್ಯೆಯನ್ನೇ ಪೊಟ್ಟಣ ಕಟ್ಟಿದರು. ಸಾರಿನ ಪುಡಿ, ಚಟ್ನಿಪುಡಿ, ರವೆ ಇಡ್ಲಿಯ ಹಿಟ್ಟು ಅಂತ ತಯಾರಿಸಿ ಮಾರಲು ತೊಡಗಿದರು. ತಿಂಡಿಯ ಬೆಲೆಗೆ ಕಟ್ಟಳೆಯಿದ್ದರೂ ಪುಡಿಯ ದಾರಿ ತೆರೆದಿತ್ತು. ಕೆಲವು ವರ್ಷಗಳ ನಂತರ ಹೋಟೆಲೂ ಮತ್ತೆ ತೆರೆಯಿತು. ಪುಡಿಯ ವ್ಯಾಪಾರವಂತೂ ಹೋಟೆಲಿಗಿಂತ ದೊಡ್ಡದಾಗಿ ಬೆಳೆದು, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯ ಮನೆತನದವರ ಹತ್ತಿರವೇ ಉಳಿಯಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಅವರಿಗೆ ಸ್ಪಷ್ಟವಿತ್ತು ನೋಡಿ. ಹೋಟೆಲಿನ ಬಾಗಿಲು ಮುಚ್ಚಿತು, ರುಚಿ ಮತ್ತು ಜನ ಉಳಿದರು.

ಮೂರನೆಯದು ಲಿಜ್ಜತ್ ಹಪ್ಪಳದ್ದು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಮನೆಯ ತಾರಸಿಯ ಮೇಲೆ ಕೂತು ನಾಲ್ಕು ಪ್ಯಾಕೆಟ್ ಹಪ್ಪಳ ಮಾಡಿದರು. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆರಂಭದಲ್ಲಿ ಅವರಿಗೂ ನಿಮ್ಮದೇ ಶತ್ರು, ಮಳೆ! ಮೊದಲ ವರ್ಷ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಏನು ಮಾಡಿದರು ಗೊತ್ತೇ? ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ ಕೆಳಗೆ ಸ್ಟೌ ಹಚ್ಚಿಟ್ಟರು. ಮಳೆ ಹೊರಗೆ ಸುರಿಯುತ್ತಿತ್ತು, ಒಳಗೆ ಹಪ್ಪಳ ಒಣಗುತ್ತಿತ್ತು.

ಮೊದಮೊದಲು ಅವರು ಒಳ್ಳೆಯ ಹಪ್ಪಳ ಒಂದು ಬೆಲೆಗೆ, ಸಾಧಾರಣದ್ದು ಕಡಿಮೆ ಬೆಲೆಗೆ ಅಂತ ಎರಡು ದರ್ಜೆ ಮಾಡಿದ್ದರಂತೆ. ಅವರಿಗೆ ಮಾರ್ಗದರ್ಶಕರಾಗಿದ್ದ ಛಗನ್‌ಬಾಪಾ ಎಂಬ ಹಿರಿಯರು ಅದು ಬೇಡವೆಂದರು. ಒಂದೇ ದರ್ಜೆ ಇರಲಿ, ಗುಣದಲ್ಲಿ ರಾಜಿ ಬೇಡ, ಲೆಕ್ಕ ಚೊಕ್ಕವಾಗಿರಲಿ ಎಂಬುದು ಅವರ ಉಪದೇಶ. ಅಲ್ಲಿ ದುಡಿಯುವ ಪ್ರತಿಯೊಬ್ಬಾಕೆಯೂ ಸಂಸ್ಥೆಯ ಒಡತಿ, ಲಾಭವಾದರೂ ನಷ್ಟವಾದರೂ ಎಲ್ಲರಿಗೂ ಪಾಲು. ಏಳು ಜನರಿಂದ ಶುರುವಾದದ್ದು ಇಂದು ಸುಮಾರು 45 ಸಾವಿರ ಸೋದರಿಯರ ಸಂಸ್ಥೆ.

ಈಗ ನಿಮ್ಮ 220 ಪ್ಯಾಕೆಟ್‌ಗಳ ವಿಷಯಕ್ಕೆ ಬರೋಣ, ತಂಗೀ.

ಸುಮ್ಮನಿರೋಣ ಅನ್ನುವ ಇಬ್ಬರು ಕೆಟ್ಟವರೇನಲ್ಲ, ಹೆದರಿದ್ದಾರೆ. ಆದರೆ ಆ ಮಾತು ಕೇಳಬೇಡಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದು ಅಂಗಡಿಯಲ್ಲಿ ಕಂಡ ಬೂಷ್ಟು ಇನ್ನೆಂಟು ಅಂಗಡಿಯಲ್ಲಿ ಕಾಣದೆ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಿನ್ನುವವರು ಮಕ್ಕಳು. ಎಣ್ಣೆಯಲ್ಲಿ ಕರಿದರೆ ಸರಿಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಕೆಲವು ಬಗೆಯ ಬೂಷ್ಟು ಬಿಟ್ಟ ವಿಷ ಕಾದ ಎಣ್ಣೆಗೂ ಜಗ್ಗುವುದಿಲ್ಲ.

ಆದ್ದರಿಂದ ಈ ಕಾಗದ ಓದಿದ ದಿನವೇ ಹೊರಡಿ. ಮೊದಲು ಒಂಬತ್ತೂ ಅಂಗಡಿಗೆ ಫೋನ್ ಮಾಡಿ, ಹಪ್ಪಳ ಮಾರಬೇಡಿ, ಪಕ್ಕಕ್ಕೆ ಇಡಿ ಅನ್ನಿ. ಆಮೇಲೆ ಇಬ್ಬಿಬ್ಬರು ಜೊತೆಯಾಗಿ ಖುದ್ದಾಗಿ ಹೋಗಿ. ಅಧ್ಯಕ್ಷೆಯಾದ ನೀವು ಹೆಚ್ಚು ಮಾಲು ತಗೊಂಡ ಅಂಗಡಿಗೆ, ಜಾಸ್ತಿ ಬೈಯುವ ಅಂಗಡಿಗೆ ಹೋಗಿ. ಆ ಎರಡು ಕೆಲಸವನ್ನು ಇನ್ನೊಬ್ಬರ ಮೇಲೆ ಹಾಕಬೇಡಿ. "ಅಣ್ಣಾ, ಈ ಸಲದ ಹಪ್ಪಳ ಕೆಟ್ಟಿದೆ, ವಾಪಸು ತಗೊಳ್ಳಲು ಬಂದಿದ್ದೇವೆ, ಇಗೋ ದುಡ್ಡು. ಮಾರಿಹೋಗಿದ್ದರೆ ಕೊಂಡವರಿಗೂ ಹೇಳಿ, ಅವರಿಗೂ ದುಡ್ಡು ಕೊಡುತ್ತೇವೆ." ಇಷ್ಟೇ ಮಾತು. ಮಳೆ ಜಾಸ್ತಿ, ಪ್ಲಾಸ್ಟಿಕ್ ಸರಿಯಿರಲಿಲ್ಲ ಅಂತ ಪುರಾಣ ಬೇಡ. ತಂದ ಮಾಲನ್ನು ಎಲ್ಲರೆದುರು ನಾಶಮಾಡಿ. ಆರಿಸಿ, ಒರೆಸಿ, ಮತ್ತೆ ಬಿಸಿಲಿಗೆ ಹಾಕೋಣ ಅನ್ನುವ ಆಸೆಗೆ ಬೀಳಬೇಡಿ.

ಎರಡನೆಯದಾಗಿ, ಆ ಪ್ಯಾಕಿಂಗ್ ಹುಡುಗಿಯ ಮನೆಗೆ ನೀವೇ ಹೋಗಿ ಕರೆದುಕೊಂಡು ಬನ್ನಿ. ಎಲ್ಲಿ ಎಡವಿತು ಎಂಬುದು ಅವಳಿಗೆ ಗೊತ್ತಿರುವಷ್ಟು ನಿಮಗ್ಯಾರಿಗೂ ಗೊತ್ತಿಲ್ಲ. ಅವಳನ್ನು ಕಳ್ಳಿಯ ಹಾಗೆ ನಿಲ್ಲಿಸಿದರೆ ನಾಳೆ ಯಾರೂ ನಿಜ ಹೇಳುವುದಿಲ್ಲ. ಎಲ್ಲರೂ ಕೂತು ಕೇಳಿಕೊಳ್ಳಿ. ಹಪ್ಪಳಕ್ಕೆ ಎಷ್ಟು ದಿನ ಬಿಸಿಲು ಬಿತ್ತು? ಕೈಯಲ್ಲಿ ಮುರಿದರೆ ಟಕ್ ಅನ್ನುತ್ತಿತ್ತೇ, ಬಾಗುತ್ತಿತ್ತೇ? ಬಿಸಿಲಿನಿಂದ ತಂದ ಬಿಸಿಯಲ್ಲೇ ಕವರಿಗೆ ತುಂಬಿದಿರಾ? ಬಿಸಿಯಿದ್ದಾಗ ಮುಚ್ಚಿದರೆ ಒಳಗೇ ಬೆವರುತ್ತದೆ, ಆ ಬೆವರೇ ಬೂಷ್ಟಿಗೆ ಬೀಜ. ಮೊಹರು ಸರಿಯಾಗಿ ಕೂತಿತ್ತೇ? ಪ್ಯಾಕೆಟ್‌ಗಳನ್ನು ನೆಲದ ಮೇಲೆ ಇಟ್ಟಿದ್ದಿರಾ, ಮಣೆಯ ಮೇಲೋ? ಉತ್ತರ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ಬರೆದು ಗೋಡೆಗೆ ಅಂಟಿಸಿ. ಇನ್ನು ಮುಂದೆ ಪ್ರತಿ ಪ್ಯಾಕೆಟ್ ಮೇಲೆ ತಯಾರಿಸಿದ ದಿನಾಂಕ, ತಂಡದ ಸಂಖ್ಯೆ ಇರಲೇಬೇಕು. ಆಹಾರ ಇಲಾಖೆಯ ನೋಂದಣಿಯ ಜೊತೆ ಇದೂ ಕಾನೂನಿನ ಮಾತೇ. ನಿಮಗೂ ಅದರಿಂದ ಲಾಭವಿದೆ. ದಿನಾಂಕ ಇದ್ದಿದ್ದರೆ 220ರಲ್ಲಿ ಯಾವ ದಿನದ ಮಾಲು ಕೆಟ್ಟಿತು ಅಂತ ಬೇರ್ಪಡಿಸಬಹುದಿತ್ತಲ್ಲವೇ?

ಮೂರನೆಯದು ದುಡ್ಡು. ಪ್ಯಾಕೆಟ್‌ಗೆ 60 ರೂಪಾಯಿ ಅಂತ ಬರೆದಿದ್ದೀರಿ. 220 ಪ್ಯಾಕೆಟ್ ಅಂದರೆ 13,200 ರೂಪಾಯಿ. ಹನ್ನೊಂದು ಜನರಿಗೆ ಹಂಚಿದರೆ ತಲಾ 1,200. ಚಿಕ್ಕ ಮೊತ್ತವಲ್ಲ, ಗೊತ್ತು. ಒಬ್ಬಳ ಮೇಲೆ ಹೇರಿದರೆ ಅವಳು ಮುರಿದುಹೋಗುತ್ತಾಳೆ. ಹನ್ನೊಂದು ಜನ ಹೊತ್ತರೆ ಒಂದು ದೀಪಾವಳಿಯ ಸೀರೆ ಹೋಯಿತು ಅಂತ ತಿಳಿದುಕೊಳ್ಳಬಹುದು. ಲಾಭ ಬಂದಾಗ ಸಮನಾಗಿ ಹಂಚಿಕೊಂಡವರು ನಷ್ಟವನ್ನು ಸಮನಾಗಿ ಹೊರುವುದೇ ನ್ಯಾಯ. ಒಂದೇ ಸಲ ಕೊಡಲಾಗದವರು ಕಂತಿನಲ್ಲಿ ಕೊಡಲಿ. ಲೆಕ್ಕದ ಪುಸ್ತಕವನ್ನು ಎಲ್ಲರ ನಡುವೆ ತೆರೆದಿಟ್ಟು, ಓದುಬಾರದ ಸದಸ್ಯೆಗೂ ಅರ್ಥವಾಗುವ ಹಾಗೆ ಗಟ್ಟಿಯಾಗಿ ಓದಿ ಹೇಳಿ. ಬ್ಯಾಂಕಿಗೆ ಕಂತು ತಪ್ಪುವ ಹಾಗಿದ್ದರೆ, ತಪ್ಪುವ ಮೊದಲೇ ಹೋಗಿ ಹೇಳಿ. ಮೊದಲೇ ಬಂದು ಹೇಳುವವರ ಮಾತಿಗೆ ಬೆಲೆ ಜಾಸ್ತಿ, ತಪ್ಪಿದ ಮೇಲೆ ಹೇಳಿದ್ದೆಲ್ಲ ನೆಪದ ಹಾಗೆ ಕೇಳಿಸುತ್ತದೆ.

ನಾಲ್ಕನೆಯದು, ಕೈ ಖಾಲಿ ಬಿಡಬೇಡಿ. ಕೆಲಸವಿಲ್ಲದ ಹನ್ನೊಂದು ಜನ ಒಂದೆಡೆ ಸೇರಿದರೆ ಹಳೆಯ ಜಗಳವೇ ಮತ್ತೆ ಕುದಿಯುತ್ತದೆ. ಮಳೆಗಾಲದಲ್ಲಿ ಬಿಸಿಲು ಬೇಡದ ಕೆಲಸ ಹುಡುಕಿ. ಹುರಿದು ಪುಡಿ ಮಾಡುವ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹುರುಳಿ ಚಟ್ನಿಪುಡಿ ಇವುಗಳಿಗೆ ಬಾಣಲೆ ಸಾಕು. ಮೊದಲು ಹತ್ತು ಹತ್ತು ಪ್ಯಾಕೆಟ್ ಮಾತ್ರ ಮಾಡಿ, ನಿಮ್ಮನ್ನು ಬೈದ ಅಂಗಡಿಗೇ ಒಯ್ಯಿರಿ. 2020ರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಮುಚ್ಚಿದಾಗ ಕೇರಳದ ಕುಟುಂಬಶ್ರೀಯಂಥ ಮಹಿಳಾ ಗುಂಪುಗಳು ಹೊಲಿಗೆ ಯಂತ್ರ ಹಿಡಿದು ಮುಖಗವಸು ಹೊಲಿದದ್ದು ನೆನಪಿದೆಯಲ್ಲ? ಇರುವ ಕೈಗೆ ಆ ಹೊತ್ತಿಗೆ ಬೇಕಾದ ಕೆಲಸ ಕೊಟ್ಟವರು ಉಳಿದುಕೊಂಡರು.

ಕೊನೆಯದಾಗಿ ನಿಮ್ಮ ಬಗ್ಗೆ. ಯಜಮಾನಿಕೆ ಅಂದರೆ ಎಲ್ಲವನ್ನೂ ತಾನೇ ಮಾಡುವುದೆಂದು ನಮ್ಮ ಹೆಂಗಸರಲ್ಲಿ ಅನೇಕರು ತಿಳಿದಿದ್ದಾರೆ. ಮನೆಯಲ್ಲೂ ಹಾಗೆಯೇ ಮಾಡಿ ಸವೆಯುತ್ತೇವೆ. ಕೆಲಸ ಹಂಚಿ. ಅಂಗಡಿಯ ದುಡ್ಡಿನ ಪಟ್ಟಿ ಒಬ್ಬಳಿಗೆ, ಹೊಸ ಮಾಲಿನ ಸಾಮಾನು ಇನ್ನೊಬ್ಬಳಿಗೆ. ಸುಮ್ಮನಿರೋಣ ಅಂದ ಆ ಇಬ್ಬರಿಗೇ ದಿನಾಂಕದ ಚೀಟಿ ಅಂಟಿಸುವ ಜವಾಬ್ದಾರಿ ಕೊಡಿ. ಒಂದು ತಿಂಗಳು ದಿನಾ ಸಂಜೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ, ಇವತ್ತು ಏನಾಯಿತು, ನಾಳೆ ಏನು ಮಾಡಬೇಕು ಅಂತ ಹೇಳಿ. ನಾಯಕಿ ಬಾಯಿ ಮುಚ್ಚಿದರೆ ಗಾಳಿಸುದ್ದಿ ಬಾಯಿ ತೆರೆಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಸಂಕೋಚ ಬೇಡ. ರಾತ್ರಿ ನಿದ್ದೆ ಮಾಡಿ. ನಿದ್ದೆಗೆಟ್ಟವಳ ತೀರ್ಮಾನ ಹಸಿ ಹಪ್ಪಳದ ಹಾಗೆ, ಬೇಗ ಕೆಡುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೆರಡು ಅಂಗಡಿಯವರು ಮತ್ತೆ ನಿಮ್ಮ ಮಾಲು ತಗೊಳ್ಳದಿರಬಹುದು. ಒಬ್ಬ ಸದಸ್ಯೆ ಮುನಿಸಿಕೊಂಡು ಹೊರಗೆ ಹೋಗಬಹುದು. ಅದನ್ನು ತಡೆಯುವ ಮಂತ್ರ ನನ್ನ ಹತ್ತಿರವಿಲ್ಲ. ಆದರೆ ಉಳಿದ ಅಂಗಡಿಯವರು ಒಂದು ಮಾತು ನೆನಪಿಟ್ಟುಕೊಳ್ಳುತ್ತಾರೆ: ಕೇಳುವ ಮೊದಲೇ ಬಂದು ದುಡ್ಡು ವಾಪಸು ಕೊಟ್ಟ ಹೆಂಗಸರು ಇವರು ಅಂತ. ಮುಂದಿನ ಬೇಸಿಗೆಯಲ್ಲಿ ಹಲಸು ಹಣ್ಣಾಗುವ ಮೊದಲೇ, ಕಾಯಿ ಬಲಿತ ಹೊತ್ತಿಗೆ, ಆ ಮಾತೇ ನಿಮ್ಮ ಬಂಡವಾಳ.

ಸೋದರಿಯರೇ, ನಿಮ್ಮ ಸಂಘಗಳಲ್ಲೂ ಇಂಥ ಗಂಡಾಂತರ ಬಂದಿರಬಹುದು. ಹೇಗೆ ದಾಟಿದಿರಿ ಎಂಬುದನ್ನು ನಾಲ್ಕು ಸಾಲು ಬರೆದು ಕಳಿಸಿ. ಮಳೆಗಾಲದಲ್ಲಿ ಹಪ್ಪಳ ಸಂಡಿಗೆ ಕೆಡದ ಹಾಗೆ ಇಡುವ ನಿಮ್ಮ ಮನೆಯ ಉಪಾಯವಿದ್ದರೆ ಅದನ್ನೂ ಬರೆಯಿರಿ, ಈ ತಂಗಿಗೆ ತಲುಪಿಸುತ್ತೇನೆ.

ನಿಮ್ಮ
ಅಕ್ಕ